ಒಂದೇ ವಾರಕ್ಕೆ ಬಂದು ಹೋದ ಗಟ್ಟಿಗಿತ್ತಿಯರು

ಪ್ರಶ್ನೆ: ಚಿಕ್ಕವಳಿದ್ದಾಗ ನೋಡಿದ್ದ, ಬಾಹ್ಯಾಕಾಶ ಹಡಗಿನ ಕತೆಯ ಹಳೇ ಸ್ಟಾರ್ ಟ್ರೆಕ್ ಸೀರಿಯಲ್ಲನ್ನ ಮಗಳಿಗೆ ತೋರಿಸೋಣ ಅಂತ ಹಾಕಿದ್ರೆ, 'ಅಮ್ಮಾ, ಇದ್ರಲ್ಲಿ ಹೆಂಗಸರು ಗಿಡ್ಡ ಸ್ಕರ್ಟ್ ಹಾಕ್ಕೊಂಡು ಹೂಂ ಸರ್ ಅನ್ನೋದೇ ಆಯ್ತಲ್ಲ' ಅಂತ ಎದ್ದು ಹೋದ್ಲು. ಗಟ್ಟಿ ಪಾತ್ರ ಒಂದೂ ಇಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮಗಳು ಹೇಳಿದ್ದು ಪೂರ್ತಿ ಸುಳ್ಳಲ್ಲ ಮೇಡಂ. ಮೊದಲು ತೆಗೆದ ಪೈಲಟ್‌ನಲ್ಲಿ, ಅಂದ್ರೆ ಸ್ಯಾಂಪಲ್ ಎಪಿಸೋಡಲ್ಲಿ, ಕ್ಯಾಪ್ಟನ್ ಬಿಟ್ರೆ ಮುಂದಿನ ಸೀಟು ಹೆಂಗಸಿನದೇ ಇತ್ತು, ಮೇಜಲ್ ಬ್ಯಾರೆಟ್ ಮಾಡಿದ್ರು, ಟಿವಿ ಚಾನೆಲ್ ಎನ್‌ಬಿಸಿಯೋರು ಆ ಪೈಲಟ್ ಬೇಡ ಅಂದ್ರು, ಇನ್ನೊಂದು ತೆಗೆಯೋ ಹೊತ್ತಿಗೆ ಆ ಪಾತ್ರವೇ ಮಾಯ, ಆಮೇಲೆ ಅದೇ ನಟಿ ವಾಪಸ್ ಬಂದಿದ್ದು ನರ್ಸ್ ಆಗಿ! ಹಡಗಿನ ಸಂಪರ್ಕ ಅಧಿಕಾರಿ ಊಹುರಾ ಇದ್ರು ನಿಜ, ಆದ್ರೆ ವಾರಗಟ್ಟಲೆ ಅವರಿಗೆ ಸಿಗ್ತಿದ್ದ ಡೈಲಾಗ್ ಕೈಬೆರಳೆಣಿಕೆ.

ಹಾಗಾಗಿ ಗಟ್ಟಿಗಿತ್ತಿಯರು ಬೇಕು ಅಂದ್ರೆ ಗೆಸ್ಟ್ ಪಾತ್ರಗಳಲ್ಲೇ ಹುಡುಕ್ಬೇಕು. ಮುಂದಿನ ವಾರ ಅವಳು ಇರಲ್ವಲ್ಲ, ಹೀರೋಗೆ ಸರಿಸಮ ನಿಂತ್ರೂ ಯಾರ ಕುರ್ಚಿಗೂ ಧಕ್ಕೆ ಇಲ್ಲ, ಅದಕ್ಕೇ ಬರೆಯೋರಿಗೂ ಧೈರ್ಯ ಬರ್ತಿತ್ತೇನೋ.

ನನ್ನ ಫೇವರಿಟ್ 1968ರ 'ದಿ ಎಂಟರ್‌ಪ್ರೈಸ್ ಇನ್ಸಿಡೆಂಟ್'ನ ರೋಮ್ಯುಲನ್ ಕಮಾಂಡರ್, ನಟಿ ಜೋಆನ್ ಲಿನ್ವಿಲ್. ಶತ್ರುಪಡೆಯ ಹಡಗುಗಳು ಅವಳ ಕೈಯಲ್ಲಿ, ಮಾತಿಗೆ ಎದುರಾಡೋ ಗಂಡಸು ಒಬ್ಬನೂ ಇಲ್ಲ, ಹೆಂಗಸು ಹೆಂಗೆ ಕಮಾಂಡರ್ ಆದ್ಲು ಅಂತ ಅಲ್ಲಿ ಯಾರೂ ಹುಬ್ಬೇರಿಸೋದೂ ಇಲ್ಲ. ನಮ್ಮ ಹೀರೋ ಕ್ಯಾಪ್ಟನ್ ಕರ್ಕ್‌ನ ಬಲಗೈ ಸ್ಪಾಕ್ ಅವಳನ್ನ ಮಾತಲ್ಲಿ ಮರುಳು ಮಾಡ್ತಾ ಇರ್ತಾನೆ, ಆ ಕಡೆ ಕರ್ಕ್ ಹಡಗನ್ನ ಕಣ್ಣಿಗೆ ಕಾಣದಂಗೆ ಮಾಡೋ ಯಂತ್ರ ಕದೀತಾನೆ. ಮೋಸ ಹೋದ್ಲಲ್ಲ ಅನ್ಬೇಡಿ, ಕರ್ಕ್‌ನ ಹಡಗು ಎಂಟರ್‌ಪ್ರೈಸ್‌ನಲ್ಲಿ ಸೆರೆಯಾಳಾಗಿ ನಿಂತಾಗ ಮಾತಾಡೋಕೆ ಲೈನ್ ಕೊಟ್ರೆ, ಅವಳು ತನ್ನ ಕಡೆಯೋರಿಗೆ ಹೇಳೋದು 'ಈ ಹಡಗನ್ನ ಉಡಾಯಿಸಿ' ಅಂತ. ತಾನೂ ಅದರೊಳಗೇ ಇದ್ದೀನಿ ಅನ್ನೋದು ಲೆಕ್ಕಕ್ಕೇ ಇಲ್ಲ! ಒಂದೇ ಬೇಜಾರು, ಇಷ್ಟೆಲ್ಲಾ ಮಾಡಿದೋಳ ಹೆಸರು ನಮಗೆ ಗೊತ್ತೇ ಆಗಲ್ಲ, ಸ್ಪಾಕ್ ಕಿವಿಯಲ್ಲಿ ಪಿಸುಗುಟ್ತಾಳೆ ಅಷ್ಟೇ.

ಇದನ್ನ ಬರೆದೋರು ಡೊರೊತಿ ಫೊಂಟಾನ. ಸ್ಕ್ರೀನ್ ಮೇಲೆ ಮಾತ್ರ ಡಿ. ಸಿ. ಫೊಂಟಾನ, ಹೆಂಗಸಿನ ಹೆಸರು ನೋಡಿ ಸ್ಕ್ರಿಪ್ಟ್ ಪಕ್ಕಕ್ಕಿಡೋ ಕಾಲ ಅದು.

ಪ್ರಶ್ನೆ: 'ಅಮಾಕ್ ಟೈಮ್' ಎಪಿಸೋಡಿನ ಟಿಪ್ರಿಂಗ್ ಸ್ಪಾಕ್‌ಗೆ ಮೋಸ ಮಾಡಿದ ವಿಲನ್ ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ಏಳು ವರ್ಷದ ಮಗುಗೆ ದೊಡ್ಡೋರು ಗೊತ್ತು ಮಾಡಿಟ್ಟ ಸಂಬಂಧ ಸ್ವಾಮಿ ಅದು, ಅವಳಿಗೆ ಬೇಕಾಗಿದ್ದೋನು ಸ್ಟಾನ್. ಸ್ಪಾಕ್ ಜನರ ಪದ್ಧತಿಲಿ ಮದುವೆ ಬೇಡ ಅಂದ್ರೆ ಅವನೆದುರು ತನ್ನ ಪರವಾಗಿ ಹೋರಾಡೋಕೆ ಒಬ್ಬನನ್ನ ಆರಿಸ್ಬೇಕು, ಅವಳು ಸ್ಟಾನ್‌ನ ಬಿಟ್ಟು ಕರ್ಕ್‌ನ ಆರಿಸ್ತಾಳೆ. ಕರ್ಕ್ ಗೆದ್ರೆ ಅವನಿಗೆ ಇವಳು ಬೇಡ. ಸ್ಪಾಕ್ ಗೆದ್ರೂ, ಎದುರು ನಿಂತವಳು ಅಂತ ಬಿಟ್ಟುಬಿಡ್ತಾನೆ. ಒಂದು ವೇಳೆ ಬಿಡದೇ ಇದ್ರೂ ಅವನು ಹಡಗು ಹತ್ತಿ ಹೋಗ್ತಾನೆ, ಆಸ್ತಿ ಇವಳ ಕೈಲಿ, ಸ್ಟಾನ್ ಪಕ್ಕದಲ್ಲಿ. ಯಾವ ಕಡೆ ಬಿದ್ರೂ ಅವಳದೇ ದಾಳ. ಲೆಕ್ಕ ಕೇಳಿ ಸ್ಪಾಕೇ ತಲೆದೂಗ್ತಾನೆ, ನಾವ್ಯಾರು ಬೈಯೋಕೆ? ಕರ್ಕ್ ಪ್ರಾಣ ಪಣಕ್ಕಿಟ್ಟಿದ್ದು ತಪ್ಪು, ಒಪ್ತೀನಿ.

ಅದೇ ಎಪಿಸೋಡಲ್ಲಿ ಟಿಪೌ ಅಜ್ಜಿನೂ ಇದಾರೆ, ಗ್ರಹಗಳ ಒಕ್ಕೂಟವಾದ ಫೆಡರೇಶನ್‌ನ ಕೌನ್ಸಿಲ್ ಸೀಟು ಬೇಡ ಅಂದ ಒಬ್ಬರೇ ವ್ಯಕ್ತಿ.

ಪ್ರಶ್ನೆ: ಜೋನ್ ಕಾಲಿನ್ಸ್ ಮಾಡಿದ ಈಡಿತ್ ಕೀಲರ್ ಬಗ್ಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕರ್ಕ್, ಸ್ಪಾಕ್ ಕಾಲದಲ್ಲಿ ಹಿಂದಕ್ಕೆ ಹೋದಾಗ ಸಿಗೋಳು, 1930ರ ನ್ಯೂಯಾರ್ಕ್‌ನಲ್ಲಿ ಹಸಿದೋರಿಗೆ ಊಟ ಹಾಕೋಳು, ಮಾತು ಚೆಂದ, ಮನಸ್ಸು ಚೆಂದ. ಆದ್ರೆ ಇತಿಹಾಸ ಸರಿಹೋಗ್ಲಿ ಅಂತ ಗಾಡಿಗೆ ಸಿಕ್ಕಿ ಸಾಯ್ಬೇಕು. ಅಳು ಬರುತ್ತೆ, ಆದ್ರೂ ನನ್ನ ವೋಟು ಕಮಾಂಡರ್‌ಗೇ.

ದಾವಣಗೆರೆ ಮೇಡಂ, ಮಗಳಿಗೆ 'ಅಮಾಕ್ ಟೈಮ್' ಮೊದಲು ಹಾಕಿ. 1969ರ ಕೊನೇ ಎಪಿಸೋಡ್ ಮಾತ್ರ ಬೇಡ, ಕ್ಯಾಪ್ಟನ್ ಆಗ್ಬೇಕು ಅಂದ ಹೆಂಗಸನ್ನ ಹುಚ್ಚಿ ಮಾಡಿಟ್ಟಿದ್ದಾರೆ, ಮತ್ತೆ ಎದ್ದು ಹೋಗ್ತಾಳೆ.