ಮಗು ಬಾಗಿಲಿಗೆ ಅಡ್ಡ ನಿಂತು 'ಹೋಗ್ಬೇಡಮ್ಮ' ಅಂದರೆ ಕೆಲಸ ಬಿಡಬೇಕಾ?

ಎರಡೂವರೆ ವರ್ಷದ ಮಗಳು ದಿನಾ ಕಾಲು ಹಿಡಿದುಕೊಂಡು 'ಆಫೀಸಿಗೆ ಹೋಗ್ಬೇಡಮ್ಮ' ಅಂತಾಳೆ, ಅವಳ ಕಣ್ಣು ತಪ್ಪಿಸಿ ಹೊರಡಬೇಕಾಗಿದೆ, ಕೆಲಸ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಆ ಕಣ್ಣು ತಪ್ಪಿಸೋದನ್ನ ಬಿಡಿ.

ನನ್ನ ಮಗನಿಗೂ ಆಗ ಅದೇ ವಯಸ್ಸು. ಬನಶಂಕರಿಯಲ್ಲಿ ಮನೆ, ಕೋರಮಂಗಲದಲ್ಲಿ ಆಫೀಸು, ಅಕೌಂಟ್ಸ್ ಕೆಲಸ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ತೆರಿಗೆಯ ಲೆಕ್ಕ ಸಲ್ಲಿಸುವ ಕೊನೇ ದಿನಗಳು. ಆ ತಾರೀಕುಗಳು ಹತ್ತಿರ ಬಂದರೆ ನಾನು ಮನೆ ಸೇರುವಷ್ಟರಲ್ಲಿ ರಾತ್ರಿ ಊಟದ ಹೊತ್ತು. ಮಗನನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಅವನು ಅಳುವುದನ್ನು ನೋಡಲಾಗದೆ ಅವರೇ ಉಪಾಯ ಹೇಳಿದರು, 'ನಾನು ಅವನನ್ನ ಮೇಲೆ ಕರ್ಕೊಂಡು ಹೋಗ್ತೀನಿ, ನೀನು ಸುಮ್ನೆ ಹೊರಟುಬಿಡು.'

ಸರಿ, ಶುರುವಾಯಿತು. ಬ್ಯಾಗು, ಡಬ್ಬಿ ಅವನು ಏಳುವ ಮೊದಲೇ ಗಾಡಿಯ ಡಿಕ್ಕಿ ಸೇರುತ್ತಿದ್ದವು. ಚೂಡಿದಾರ ಕಂಡರೆ ಅವನಿಗೆ ಗೊತ್ತಾಗಿಬಿಡುತ್ತಲ್ಲ, ಅದಕ್ಕೆ ಮೇಲೊಂದು ನೈಟಿ ಹಾಕಿಕೊಂಡು ಓಡಾಡುತ್ತಿದ್ದೆ. ನಗಬೇಡಿ. ಅತ್ತೆ ಬಟ್ಟಲಲ್ಲಿ ಒಂದು ಹಿಡಿ ಅನ್ನ ಹಿಡಿದು 'ಬಾ ಪುಟ್ಟ, ಕಾಗೆ ತೋರಿಸ್ತೀನಿ' ಅಂತ ಟೆರೇಸಿಗೆ ಕರೆದುಕೊಂಡು ಹೋಗುವುದು, ನಾನು ನೈಟಿ ಬಿಸಾಕಿ, ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುವುದು. ಗಾಡಿಯ ಸದ್ದು ಅವನಿಗೆ ಗುರುತಿತ್ತು. ರಸ್ತೆ ತಿರುವಿನವರೆಗೂ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡುತ್ತಿದ್ದೆ. ಅಮ್ಮ ಎಲ್ಲಿ ಅಂತ ಕೇಳಿದರೆ ಅತ್ತೆ ಹೇಳುವುದು, 'ಅಂಗಡಿಗೆ ಹೋಗಿದ್ದಾಳೆ, ಈಗ ಬರ್ತಾಳೆ.' ಒಂದು ಮಧ್ಯಾಹ್ನ ಅವನು ಯೋಚನೆ ಮಾಡಿ ಕೇಳಿದನಂತೆ, 'ಅಜ್ಜಿ, ಅಮ್ಮಂಗೆ ಅಂಗಡಿ ಸಿಗ್ಲಿಲ್ವಾ?'

ಅದನ್ನ ಆಫೀಸಲ್ಲಿ ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದೆ.

ಆಮೇಲೆ ಅವನು ಟೆರೇಸಿಗೆ ಹೋಗುವುದನ್ನೇ ನಿಲ್ಲಿಸಿದ. ಅತ್ತೆ ಬಟ್ಟಲು ಎತ್ತಿಕೊಂಡರೆ ಸಾಕು, ನನ್ನ ನೈಟಿ ಹಿಡಿದು, 'ಕಾಗೆ ಬೇಡ. ಕಾಗೆ ಬಂದ್ರೆ ಅಮ್ಮ ಹೋಗ್ತಾಳೆ.' ಕಿಟಕಿ ಸರಳಿನ ಮೇಲೆ ಕಾಗೆ ಕೂತರೆ ಅಟ್ಟಿಸುವುದು. ನಾನು ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಸಂದಿಯಲ್ಲಿ ಬೆರಳು ತೂರಿಸಿ ಕೂರುವುದು. ರಾತ್ರಿ ನಿದ್ದೆಯಲ್ಲೂ ನನ್ನ ಜಡೆ ಅವನ ಮುಷ್ಟಿಯಲ್ಲಿ.

ನಾನು ಇದನ್ನೆಲ್ಲ ನೋಡಿ, ಮಗುವಿಗೆ ಅಮ್ಮ ಸಾಲುತ್ತಿಲ್ಲ ಅಂತ ಅಂದುಕೊಂಡೆ. ರಾಜೀನಾಮೆ ಕೊಟ್ಟೆ.

ಆಯಿತಲ್ಲ, ಈಗ ಅಮ್ಮ ಇಡೀ ದಿನ ಮನೆಯಲ್ಲಿ. ಸುಮ್ಮನಾಗಬೇಕಲ್ವಾ? ಇಲ್ಲ. ಇಸ್ತ್ರಿ ಬಟ್ಟೆ ಕೊಡಲು ಕೆಳಗಿಳಿದರೂ ಬಿಲ್ಡಿಂಗ್ ಹಾರಿಹೋಗುವ ಹಾಗೆ ಕಿರುಚುತ್ತಿದ್ದ. ಅವನಿಗೆ ಆಫೀಸು ಅಂದರೆ ಏನು ಗೊತ್ತು? ಅಮ್ಮ ಹೇಳದೆ ಕೇಳದೆ ಮಾಯವಾಗುತ್ತಾಳೆ, ಅಷ್ಟೇ ಗೊತ್ತು. ಯಾವಾಗ ಅಂತ ಗೊತ್ತಿಲ್ಲ, ಹಾಗಾಗಿ ಎಲ್ಲಾ ಹೊತ್ತೂ ಕಾವಲು ಕಾಯಬೇಕು. ಆಟದ ಮಧ್ಯ ತಿರುಗಿ ನೋಡಬೇಕು, ಊಟದ ಮಧ್ಯ ನೋಡಬೇಕು. ಅಮ್ಮ ಬಿಟ್ಟು ಹೋದರೆ ಅಳುವುದು ಎಂಟು ಹತ್ತು ತಿಂಗಳಿಂದ ಶುರುವಾಗಿ ಎರಡು ಮೂರು ವರ್ಷಕ್ಕೆ ಸಾಮಾನ್ಯವಾಗಿ ತಾನೇ ಇಳಿಯುತ್ತೆ. ನಾನು ಕದ್ದು ಹೋಗಿ ಹೋಗಿ ಅದು ಇಳಿಯದ ಹಾಗೆ ನೋಡಿಕೊಂಡಿದ್ದೆ. ಅಳು ಕಾಣದೆ ಹೋಗಿದ್ದು ನನಗೆ ಮಾತ್ರ. ಅದು ಟೆರೇಸಿನಿಂದ ಇಳಿದ ಮೇಲೆ ಅತ್ತೆಯ ಪಾಲಿಗೆ ಇದ್ದೇ ಇರುತ್ತಿತ್ತು, ಪಾಪ ಅವರು ಬಾಯಿ ಬಿಟ್ಟಿರಲಿಲ್ಲ.

ಇದಕ್ಕೆ ಕೊಟ್ಟ ಬೆಲೆ ಕೇಳಿ. ಮತ್ತೆ ಕೆಲಸ ಹುಡುಕಲು ಹೋದಾಗ ಎಲ್ಲಾ ಇಂಟರ್ವ್ಯೂನಲ್ಲೂ 'ಗ್ಯಾಪ್ ಯಾಕೆ ಮೇಡಂ?' ಸಿಕ್ಕಿದ್ದು ಬಿಟ್ಟಿದ್ದಕ್ಕಿಂತ ಕಡಿಮೆ ಸಂಬಳದ ಕೆಲಸ. ನಾನೇ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಹೇಳಿಕೊಟ್ಟಿದ್ದ ಹುಡುಗಿ ಅಷ್ಟರಲ್ಲಿ ಮ್ಯಾನೇಜರ್ ಆಗಿದ್ದಳು. ಪಿಎಫ್ ದುಡ್ಡು ತೆಗೆದು ಮನೆ ಖರ್ಚಿಗೆ ಹಾಕಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಎರಡನೇ ಸಲ ನಾಟಕ ಮಾಡಲಿಲ್ಲ. ಅವನ ಎದುರೇ ಬಟ್ಟೆ ಹಾಕಿಕೊಂಡು, ಅವನ ಕೈಲೇ ಡಬ್ಬಿ ಮುಚ್ಚಿಸಿ, 'ಅಮ್ಮ ಆಫೀಸಿಗೆ ಹೋಗ್ತಿದ್ದೀನಿ, ಅಜ್ಜಿ ದೀಪ ಹಚ್ಚೋ ಹೊತ್ತಿಗೆ ಬರ್ತೀನಿ' ಅಂತ ಹೇಳಿ ಹೊರಟೆ. ಆರೂವರೆ ಅಂದರೆ ಅವನಿಗೆ ಅರ್ಥವಾಗಲ್ಲ, ದೀಪ ಅರ್ಥವಾಗುತ್ತೆ. ಮೊದಮೊದಲು ಸಿಕ್ಕಾಪಟ್ಟೆ ಅತ್ತ. ಅತ್ತೆ, 'ಯಾಕಮ್ಮ ಮಗೂನ ಅಳಿಸ್ತೀಯಾ, ಮುಂಚಿನ ಹಾಗೇ ಹೋಗ್ಬಾರ್ದಾ' ಅಂತ ಮುಖ ಊದಿಸಿಕೊಂಡರು. ನಾನು ಜಗ್ಗಲಿಲ್ಲ. ಬಾಗಿಲಲ್ಲಿ ಹತ್ತು ಸಲ ಮುದ್ದು ಮಾಡುತ್ತ ಎಳೆಯಲೂ ಇಲ್ಲ, ಹಾಗೆ ಎಳೆದಷ್ಟೂ ಅಳು ಜಾಸ್ತಿ. ಒಂದು ಸಲ 3ಬಿ ದಿನ ಪೋರ್ಟಲ್ ಕೈಕೊಟ್ಟು ತಡವಾಯಿತು. ದೀಪದ ಹೊತ್ತಿಗೆ ಫೋನ್ ಮಾಡಿದರೆ ಅವನು ಆಗಲೇ ತಕರಾರು ಎತ್ತಿದ್ದ, 'ಅಜ್ಜಿ, ದೀಪ ಆರಿಸು, ಅಮ್ಮ ಇನ್ನೂ ಬಂದಿಲ್ಲ!' ಅತ್ತೆ 'ಶಾಂತಂ ಪಾಪಂ, ಹಾಗೆಲ್ಲ ಅನ್ಬಾರ್ದು' ಅಂತ ಅವನ ಬಾಯಿ ಮುಚ್ಚುತ್ತಿದ್ದುದು ನನಗೆ ಫೋನಿನಲ್ಲೇ ಕೇಳಿಸಿತು.

ಹಾಗಾಗಿ, ಅವಳು ಹೋಗ್ಬೇಡ ಅಂದಳು ಅಂತ ಕೆಲಸ ಬಿಡುವ ಲೆಕ್ಕಾಚಾರವೇ ನನಗೆ ಒಪ್ಪಿಗೆ ಇಲ್ಲ. ಅದೇ ಮಗು ಹಲ್ಲುಜ್ಜಬೇಡ ಅಂತಲೂ ಹೇಳುತ್ತೆ. ಕೆಲಸ ಇಷ್ಟವಿಲ್ಲದೆ ಬಿಡುವುದಾದರೆ ಬಿಡಿ, ಅದು ನಿಮ್ಮಿಷ್ಟ, ಆದರೆ ಮಗುವಿನ ತಲೆಗೆ ಕಟ್ಟಬೇಡಿ. ಸಂಜೆ ಬರುವಾಗ ದಿನಾ ಚಾಕೊಲೇಟ್ ತರುತ್ತೀನಿ ಅಂದಿದ್ದೀರಲ್ಲ, ಅದನ್ನೂ ನಿಲ್ಲಿಸಿ. ಲಂಚ ಅದು.

ಆಫೀಸಲ್ಲಿ 200 ಜನ ಇದ್ದಾರೆ, ಕ್ರೆಶ್ (ಕೆಲಸದ ಹೊತ್ತಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ) ಇಲ್ಲ ಅಂತಲೂ ಬರೆದಿದ್ದೀರಿ. ನಮ್ಮ ಆಫೀಸಲ್ಲಿ ಇದ್ದಿದ್ದೇ ಮೂವತ್ತು ಚಿಲ್ಲರೆ ಜನ, ನನಗೆ ಕೇಳುವ ಹಾಗಿರಲಿಲ್ಲ. ನಿಮಗೆ ಇದೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿ ಬಂತಲ್ಲ, ಸಂಬಳದ ರಜೆ 12 ವಾರದಿಂದ 26 ವಾರ ಆಗಿದ್ದು, ಅದರಲ್ಲೇ ಇದೂ ಬಂತು: 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಶ್ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ಎಚ್ಆರ್‌ಗೆ ಬಾಯಲ್ಲಿ ಹೇಳಬೇಡಿ, ಮೇಲ್ ಹಾಕಿ. ನಿಮ್ಮ ಆಫೀಸಿನ ಬೇರೆ ತಾಯಂದಿರ ಹೆಸರನ್ನೂ ಸೇರಿಸಿ. ಮನೆಯಿಂದ ಕೆಲಸ ಮಾಡಲು ವಾರಕ್ಕೆ ಒಂದೆರಡು ದಿನ ಸಿಗುತ್ತಾ ಅಂತಲೂ ಅದರಲ್ಲೇ ಕೇಳಿ. ಇದೆಲ್ಲ ಕೆಲಸದಲ್ಲಿರುವಾಗಲೇ ಆಗಬೇಕು. ನೋಟಿಸ್ ಪೀರಿಯಡ್‌ನಲ್ಲಿರುವವರ ಮೇಲ್ ಯಾರೂ ತೆರೆದು ಓದಲ್ಲ.