ವರ್ಡ್ ಫೈಲನ್ನು ಆ್ಯಪ್ ಒಳಗೆ ತೋರಿಸಲು ಹೋಗಬೇಡಿ

ಪಿಡಿಎಫ್, ವರ್ಡ್, ಎಕ್ಸೆಲ್, ಫೋಟೊ ಎಲ್ಲವೂ ಒಂದೇ ಎಲೆಕ್ಟ್ರಾನ್ (ವೆಬ್ ತಂತ್ರಜ್ಞಾನದಿಂದ ಕಂಪ್ಯೂಟರ್ ಆ್ಯಪ್ ಕಟ್ಟುವ ಸಾಧನ) ಕಿಟಕಿಯಲ್ಲಿ ಕಾಣಬೇಕು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ. ಯಾವ ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಹಾಕಲಿ ಅಂತ ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಇದನ್ನೇ ಹುಡುಕುತ್ತಿದ್ದೆ.

ಧಾರವಾಡದ ಒಬ್ಬ ವಕೀಲರ ಕಚೇರಿಗೆ ಕೇಸಿನ ಕಡತಗಳ ಆ್ಯಪ್ ಮಾಡಿಕೊಡುತ್ತಿದ್ದೆ. ಪಿಡಿಎಫ್ ಕೆಲಸ ಬೇಗ ಮುಗಿಯಿತು, ಪಿಡಿಎಫ್.ಜೆಎಸ್ ಎಂಬ ಲೈಬ್ರರಿ ಸಾಕಾಯಿತು. ಫೋಟೊಗಳನ್ನು ಎಲೆಕ್ಟ್ರಾನ್ ಒಳಗಿನ ಬ್ರೌಸರ್ ಕ್ರೋಮಿಯಂ ತಾನೇ ತೋರಿಸುತ್ತದೆ. ಸ್ಕ್ಯಾನರಿನಿಂದ ಬಂದ ಟಿಫ್ ಚಿತ್ರ ಮಾತ್ರ ಅದಕ್ಕೆ ಬರುವುದಿಲ್ಲ, ಶಾರ್ಪ್ ಲೈಬ್ರರಿಯಿಂದ ಪಿಎನ್‌ಜಿ ಮಾಡಿಕೊಂಡೆ. ಉಳಿದದ್ದು ವರ್ಡ್. ಅದಕ್ಕೆ ಮ್ಯಾಮತ್ ಎಂಬ ಲೈಬ್ರರಿ ಹಾಕಿದೆ. ಅದು ಡಾಕ್ಸ್ (ವರ್ಡ್) ಫೈಲನ್ನು ವೆಬ್ ಪುಟದ ಎಚ್‌ಟಿಎಂಎಲ್ ಮಾಡಿಕೊಡುತ್ತದೆ. ಚೆನ್ನಾಗಿ ಕಾಣುತ್ತಿತ್ತು.

ಮೊದಲ ಎಚ್ಚರಿಕೆ ಕನ್ನಡದಿಂದಲೇ ಬಂತು. ಹಳೆಯ ದಾವೆಗಳೆಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಆದವು, ಎಲ್ಲ ಕಡೆ ಒಂದೇ ರೀತಿ ಓದಬಲ್ಲ ಯೂನಿಕೋಡ್ ಅಲ್ಲ. ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕುಗಳು ಕೂತಿರುತ್ತವೆ ಅಲ್ವಾ, ಮ್ಯಾಮತ್ ಫಾಂಟಿನ ಹೆಸರನ್ನೇ ಬಿಟ್ಟುಬಿಡುತ್ತದೆ, ಹಾಗಾಗಿ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಇಡೀ ಪುಟಕ್ಕೆ ನುಡಿ ಫಾಂಟ್ ಹಾಕಿದರೆ ನಿಜವಾದ ಇಂಗ್ಲಿಷ್ ಸಾಲುಗಳು ಕೆಟ್ಟವು. ಕೊನೆಗೆ ಎಕ್ಸ್‌ಎಂಎಲ್ (ಫೈಲಿನೊಳಗಿನ ಟ್ಯಾಗ್ ಹಾಕಿದ ಪಠ್ಯ) ಒಳಗೆ ಫಾಂಟ್ ಹೆಸರು ನೋಡಿ, ನುಡಿ ಇದ್ದಲ್ಲಿ ಮಾತ್ರ ಯೂನಿಕೋಡಿಗೆ ತಿರುಗಿಸುವ ಕೋಡ್ ಬರೆದೆ. ಎರಡು ವಾರ ಹೋಯಿತು. ಅಲ್ಲೇ ನಿಲ್ಲಬೇಕಿತ್ತು. ಫಾಂಟನ್ನೇ ಬಿಡುವ ಲೈಬ್ರರಿ ಇನ್ನೇನೇನು ಬಿಡುತ್ತದೆ ಅಂತ ನಾನು ಕೇಳಿಕೊಳ್ಳಲಿಲ್ಲ.

ನನ್ನ ತಪ್ಪು ಅದೇ, ಬಿಡಿಸಿ ಹೇಳುತ್ತೇನೆ. ಡಾಕ್ಸ್ ಅಂದರೆ ಒಂದು ಜಿಪ್, ಒಳಗೆ ಎಕ್ಸ್‌ಎಂಎಲ್. ತಿದ್ದುಪಡಿಗೆ ಗುರುತಿಡುವ ಟ್ರ್ಯಾಕ್ ಚೇಂಜಸ್ ಆನ್ ಇಟ್ಟು ತಿದ್ದಿದರೆ ಸೇರಿಸಿದ ಮಾತು ಒಂದು ಟ್ಯಾಗಿನಲ್ಲಿ, ಅಳಿಸಿದ ಮಾತು ಇನ್ನೊಂದು ಟ್ಯಾಗಿನಲ್ಲಿ ಉಳಿಯುತ್ತದೆ. ವರ್ಡ್ ಎರಡನ್ನೂ ಬಣ್ಣದಲ್ಲಿ ತೋರಿಸುತ್ತದೆ. ಮ್ಯಾಮತ್ ಸೇರಿಸಿದ್ದನ್ನು ಮಾಮೂಲಿ ಮಾತಿನಂತೆ ತೆಗೆದುಕೊಳ್ಳುತ್ತದೆ, ಅಳಿಸಿದ್ದನ್ನು ಬಿಡುತ್ತದೆ. ಅಂದರೆ ತಿದ್ದುಪಡಿಯನ್ನು ಆಗಲೇ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಕಾಮೆಂಟುಗಳೂ ಸುಮ್ನೆ ಬರುವುದಿಲ್ಲ, ನಾವೇ ಕೇಳಬೇಕು. ಲೈಬ್ರರಿಯದ್ದು ತಪ್ಪಲ್ಲ. ಬರಹವನ್ನು ವೆಬ್ಬಿಗೆ ಹಾಕಲು ಮಾಡಿದ್ದು ಅದು. ಅದನ್ನು ತಂದು ಕರಾರು ಓದುವ ಕಡೆ ಇಟ್ಟವನು ನಾನು.

ಒಂದು ಬಾಡಿಗೆ ಕರಾರು. ಎದುರು ಪಕ್ಷದವರು ಮೂರು ತಿಂಗಳ ನೋಟಿಸನ್ನು ಒಂದು ತಿಂಗಳು ಮಾಡಿ, ಗುರುತು ಇಟ್ಟೇ ಪ್ರಾಮಾಣಿಕವಾಗಿ ಕಳಿಸಿದ್ದರು. ಹಿರಿಯ ವಕೀಲರು ನನ್ನ ಆ್ಯಪ್‌ನಲ್ಲಿ ಓದಿದರು. ಗುರುತೇ ಇಲ್ಲ, ತಾವು ಕಳಿಸಿದ್ದೇ ವಾಪಸ್ ಬಂದಿದೆ ಅಂದುಕೊಂಡು ಸರಿ ಎಂದರು. ಸಹಿಯ ಹಿಂದಿನ ಸಂಜೆ ಕಿರಿಯರೊಬ್ಬರು ಪ್ರಿಂಟ್ ತೆಗೆಯಲು ವರ್ಡ್‌ನಲ್ಲಿ ತೆರೆದಾಗ ಕೆಂಪು ಗೆರೆ ಕಂಡಿತು. ಕರಾರು ಉಳಿಯಿತು. ಮರುದಿನ ಎಲ್ಲ ಕಂಪ್ಯೂಟರಿನಿಂದ ಆ್ಯಪ್ ತೆಗೆಸಿದರು. ನಾನು ವಾದಿಸಲಿಲ್ಲ.

ಅದಕ್ಕೇ ಹೇಳುವುದು, ನಿಮ್ಮ ಪ್ರಶ್ನೆಯೇ ಸರಿ ಇಲ್ಲ. ಎಲ್ಲವನ್ನೂ ಒಳಗೇ ತೋರಿಸಬೇಕು ಅಂತ ಹೇಳಿದವರು ಯಾರು, ಬಳಸುವವರೋ ನೀವೋ? ಪಿಡಿಎಫ್, ಫೋಟೊ, ಸಾದಾ ಟೆಕ್ಸ್ಟ್, ವಿಡಿಯೊ ಒಳಗೆ ತೋರಿಸಿ. ವರ್ಡ್ ಮತ್ತು ಎಕ್ಸೆಲ್‌ಗೆ ಒಂದು ಬಟನ್ ಇಡಿ, ಎಲೆಕ್ಟ್ರಾನಿನ ಶೆಲ್.ಓಪನ್‌ಪಾಥ್ ಕರೆದು ಆ ಕಂಪ್ಯೂಟರಿನಲ್ಲಿರುವ ಪ್ರೋಗ್ರಾಮಿನಲ್ಲೇ ತೆರೆಯಿರಿ. ಅದಕ್ಕೂ ಮೊದಲು ಫೈಲಿನ ವಿಸ್ತರಣೆ (ಹೆಸರಿನ ಕೊನೆಯ ತುಣುಕು) ನೋಡಿ, ಪ್ರೋಗ್ರಾಮಿನ ಫೈಲ್ ಆದ ಇಎಕ್ಸ್‌ಇ ಕೊಟ್ಟರೆ ಅದು ಓಡಿಯೇಬಿಡುತ್ತದೆ. ಮ್ಯಾಕ್‌ನಲ್ಲಿ ಪ್ರಿವ್ಯೂಫೈಲ್ ಅಂತ ಇದೆ, ಮ್ಯಾಕ್ ತನ್ನದೇ ಮುನ್ನೋಟವಾದ ಕ್ವಿಕ್ ಲುಕ್ ತೆರೆಯುತ್ತದೆ, ಉಳಿದೆರಡರಲ್ಲಿ ಇಲ್ಲ.

ಒಳಗೇ ಬೇಕು ಅಂತ ಹಟ ಹಿಡಿದರೆ ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸನ್ನು ಹೆಡ್‌ಲೆಸ್ (ಕಿಟಕಿ ತೆರೆಯದೆ) ಓಡಿಸಿ ಪಿಡಿಎಫ್ ಮಾಡಿಕೊಳ್ಳಿ. ಪ್ರತಿ ಕೆಲಸಕ್ಕೂ ಬೇರೆ ಪ್ರೊಫೈಲ್ ಫೋಲ್ಡರ್ (ಸೆಟ್ಟಿಂಗ್ ಇಡುವ ಜಾಗ) ಕೊಡಿ, ಇಲ್ಲದಿದ್ದರೆ ಎರಡು ಒಟ್ಟಿಗೆ ಓಡಿದಾಗ ಒಂದು ಕೈಕೊಡುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೆ ಫಾಂಟ್ ಬಂದು ಪುಟಗಳು ಜರುಗುತ್ತವೆ, ಹಾಗಾಗಿ ಆ ಪಿಡಿಎಫ್ ಮೇಲೆ 'ಇದು ಮಾದರಿ ಮಾತ್ರ, ಮೂಲ ಫೈಲ್ ನೋಡಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿರಲೇಬೇಕು.

ನಿಮ್ಮವರು ವರ್ಡ್ ಫೈಲ್ ತೆರೆದು ಏನು ಮಾಡುತ್ತಾರೆ? ಸುಮ್ನೆ ಕಣ್ಣಾಡಿಸುತ್ತಾರಾ, ಅದನ್ನು ನೋಡಿ ಸಹಿ ಹಾಕುತ್ತಾರಾ? ಅದನ್ನು ಬರೆಯಿರಿ, ಆಮೇಲೆ ಲೈಬ್ರರಿ ಮಾತಾಡೋಣ.