ತೂಕ ಇಳಿಸಿದ ಮೇಲೆ ಹೊಲಿಸೋದಾ, ಈಗಲೇ ಹೊಲಿಸೋದಾ?

ನಿಮ್ಗೆ 57, ಫೆಬ್ರವರಿಯಲ್ಲಿ ಮಗನ ಮದುವೆ, ಎಕ್ಸ್‌ಎಲ್ ಹಾಕಿದ್ರೆ ಹೆಗಲು ಜಾರ್ತದೆ, ಎಲ್ ಹಾಕಿದ್ರೆ ತೋಳೇ ಹೋಗುದಿಲ್ಲ, ಹಾಗಾಗಿ ಆರು ಕಿಲೋ ಇಳಿಸಿ ಆಮೇಲೆ ಬಟ್ಟೆ ತೆಗೊಳ್ಳೋದಾ ಅಥವಾ ಆನ್‌ಲೈನಲ್ಲಿ ಇನ್ನೂ ದೊಡ್ಡ ಸೈಸ್ ತರಿಸೋದಾ ಅಂತ ಕೇಳಿದ್ದೀರಿ. ಎರಡೂ ಬೇಡ. ಶುಗರಿಗೋ ಮೊಣಕಾಲಿಗೋ ಡಾಕ್ಟ್ರು ಇಳಿಸಿ ಅಂದ್ರೆ ಇಳಿಸಿ, ರವಿಕೆಗೋಸ್ಕರ ಇಳಿಸ್ಬೇಡಿ. ನಾನು ಇಳಿಸಿದ್ದೆ, ಅದಕ್ಕೇ ಹೇಳುದು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ರ. 2018ರಲ್ಲಿ ರಿಟೈರ್ ಆಗುವ ತನಕ ಸಹಕಾರಿ ಬ್ಯಾಂಕಿನ ಕೌಂಟರಲ್ಲಿ ಕೂತವಳು ನಾನು, ದಿನಾ ಸೀರೆ, ಅದೂ ಹೆಚ್ಚು ಕಾಟನ್, ವಿದ್ಯಾನಗರದ ನೇಕಾರರ ಸೊಸೈಟಿಯ ಕಾಸರಗೋಡು ಸೀರೆ ನಾಲ್ಕೈದು ಉಂಟು ಇನ್ನೂ, ಒಗೆದಷ್ಟೂ ಮೆತ್ತಗಾಗ್ತದೆ ಬಿಟ್ರೆ ಹರಿಯುದಿಲ್ಲ. ಸೀರೆಗೆ ಸೈಸ್ ಇಲ್ಲ, ವಯಸ್ಸಾದವ್ರಿಗೆ ಸೀರೆಯಷ್ಟು ಸುಖ ಯಾವುದೂ ಇಲ್ಲ ಅಂತ ಎಲ್ರೂ ಹೇಳ್ತಾರೆ. ಸೀರೆಗೆ ಇಲ್ಲ ಸರಿ, ರವಿಕೆಗೆ ಉಂಟಲ್ಲ! ಇಡೀ ಕಷ್ಟ ಇರುದು ಆ ಎಂಬತ್ತು ಸೆಂಟಿಮೀಟರ್ ಬಟ್ಟೆಯಲ್ಲಿ.

2019ರ ಮೇ ತಿಂಗಳಲ್ಲಿ ಮಗಳ ಮದುವೆ. ನಂಗಾಗ 59. ಜನವರಿಯಲ್ಲಿ ಕುಂಬಳೆಯಲ್ಲಿ ಬಸ್ ಬದಲಿಸಿ ತಲಪಾಡಿ ದಾಟಿ ಮಂಗ್ಳೂರಿಗೆ ಹೋದೆವು, ಮದುವೆ ಜವಳಿ ಅಂದ್ರೆ ನಮ್ಮ ಕಡೆಯವ್ರಿಗೆ ಮಂಗ್ಳೂರೇ ಆಗ್ಬೇಕು. ಸೀರೆ ಎಲ್ಲ ಆಯ್ತು, ಮದುವೆ ಓಡಾಟಕ್ಕೆ ಎರಡು ಕುರ್ತಾ ಬೇಕಲ್ಲ ಅಂತ ಮಗಳು ಮೇಲಿನ ಮಾಳಿಗೆಗೆ ಕರ್ಕೊಂಡು ಹೋದ್ಳು. ಅಲ್ಲಿದ್ದ ಹುಡುಗ ಆ ತುದಿಯಿಂದ ಈ ತುದಿಗೆ, "ಆಂಟಿಗೆ ಡಬಲ್ ಎಕ್ಸೆಲ್ ಉಂಟಾ ನೋಡಾ, ಡಾರ್ಕ್ ಕಲರ್ ತೆಗಿ" ಅಂತ ಕೂಗಿದ. ಡಾರ್ಕ್ ಬೇಕು ಅಂತ ನಾನು ಹೇಳಿರ್ಲಿಲ್ಲ. ಟ್ರಯಲ್ ರೂಮ್ ಅಂತ ಹೇಳುವ ಆ ಗೂಡಲ್ಲಿ ಕೂತ್ಕೊಳ್ಳಿಕ್ಕೆ ಸ್ಟೂಲ್ ಇಲ್ಲ, ಫ್ಯಾನ್ ಇಲ್ಲ, ಗೋಡೆ ಹಿಡ್ಕೊಂಡು ಒಂದು ಕಾಲಲ್ಲಿ ನಿಲ್ಬೇಕು. ಆಗ ನಂಗೆ ಬಲಗೈಯ ಹೆಗಲು ಹಿಡ್ಕೊಂಡಿತ್ತು, ಫ್ರೋಜನ್ ಶೋಲ್ಡರ್, ಶುಗರ್ ಇದ್ದವ್ರಿಗೆ ಅದು ಬರುದು ಜಾಸ್ತಿ, ನಂಗೆ ಶುಗರ್ ಉಂಟು. ತಲೆ ಮೇಲಿಂದ ಹಾಕಿದ ಕುರ್ತಾ ಕೈಯಲ್ಲಿ ಸಿಕ್ಕಿ, ಮೇಲೂ ಇಲ್ಲ ಕೆಳಗೂ ಇಲ್ಲ, ಹೊರಗೆ ಜನ ಬಾಗಿಲು ತಟ್ಟುದು, ನಾನು ಒಳಗೆ ಕಣ್ಣು ಕತ್ತಲೆ ಬಂದ ಹಾಗಾಗಿ ಮಗಳನ್ನು ಕರೆದೆ. ಅವ್ಳು ಬಂದು ಬಿಡಿಸಿದ್ಳು. ಎಂತದೂ ತೆಗೊಳ್ಳದೆ ಇಳಿದು ಬಂದೆವು.

ಅವತ್ತು ರಾತ್ರಿಯೇ ನಿರ್ಧಾರ ಮಾಡಿದೆ, ಮೇ ಒಳಗೆ ಸಪೂರ ಆಗ್ತೇನೆ ಅಂತ. ರಾತ್ರಿ ಊಟ ಬಿಟ್ಟೆ, ಬರೀ ಮಜ್ಜಿಗೆ. ಮೂರು ತಿಂಗಳಲ್ಲಿ ನಾಲ್ಕು ಕಿಲೋ ಇಳೀತು. ಎಲ್ಲಿಂದ ಇಳೀತು ಅಂತ ಕೇಳಿ, ಕೆನ್ನೆಯಿಂದ, ಕುತ್ತಿಗೆಯಿಂದ. ಹೊಟ್ಟೆ ಹಾಗೇ ಉಂಟು, ಮೇಲ್ತೋಳು ಹಾಗೇ ಉಂಟು, ಬೆನ್ನು ಹಾಗೇ ಉಂಟು. ನೋಡಿದವ್ರೆಲ್ಲ "ಎಂತ ಹುಷಾರಿಲ್ವಾ" ಅಂತ ಕೇಳ್ಲಿಕ್ಕೆ ಶುರು ಮಾಡಿದ್ರು.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ, ಓದಿ ದಯವಿಟ್ಟು. ಟೈಲರ್ ಅಣ್ಣನಿಗೆ ನಾನು ಅಳತೆ ಕೊಡ್ಲಿಲ್ಲ, ಅಳತೆ ರವಿಕೆ ಕೊಟ್ಟೆ. ನಮ್ಮಲ್ಲಿ ಎಲ್ರೂ ಮಾಡುದು ಹಾಗೇ ಅಲ್ವಾ, ಚೆಂದ ಕೂತ ಒಂದು ರವಿಕೆ ಬೀರುವಲ್ಲಿ ಇಟ್ಕೊಳ್ಳುದು, ಪ್ರತಿ ಸಲ ಅದನ್ನೇ ಕೊಡುದು. ನನ್ನ ಅಳತೆ ರವಿಕೆ 2006ರದ್ದು. ಹದಿಮೂರು ವರ್ಷ ಹಳೇದು. ಟೇಪ್ ಹಿಡಿಸ್ಲಿಕ್ಕೆ ನಾಚಿಕೆ ಆಯ್ತು ನಂಗೆ, ಅಂಗಡಿ ಬಸ್ ಸ್ಟ್ಯಾಂಡ್ ಎದುರು, ಅವ್ರು ಅಳತೆ ತೆಗೆದು ಜೋರಾಗಿ ಹೇಳುದು, ಹುಡುಗ ಬರ್ಕೊಳ್ಳುದು, ಬೆಂಚಲ್ಲಿ ಕೂತವ್ರಿಗೆಲ್ಲ ಕೇಳ್ತದೆ. "ಇದೇ ಅಳತೆ, ಎರಡೂ ಬದಿ ಒಂದೊಂದು ಇಂಚು ಜಾಸ್ತಿ ಬಿಡಿ" ಅಂತ ಹೇಳಿ ಆರೂ ಬ್ಲೌಸ್ ಪೀಸ್ ಒಟ್ಟಿಗೆ ಕೊಟ್ಟು ಬಂದೆ. ಧಾರೆಯ ಹಸಿರು ರೇಷ್ಮೆಯದ್ದೂ ಅದ್ರಲ್ಲೇ.

ಇದ್ರಲ್ಲಿ ತಪ್ಪೆಂತ ಅಂತ ನಂಗೆ ಅರ್ಥ ಆದದ್ದು ಆಮೇಲೆ. ಒಂದು, ಅಳತೆ ರವಿಕೆ ಒಗೆದು ಒಗೆದು ಕುಗ್ಗಿರ್ತದೆ, ಹಾಕಿ ಹಾಕಿ ಕೆಲವು ಕಡೆ ಎಳೆದಿರ್ತದೆ, ಅಂದ್ರೆ ಅದು ಆ ಕಾಲದ ನನ್ನ ಅಳತೆಯೂ ಅಲ್ಲ. ಎರಡು, ಬಿಚ್ಚಿ ದೊಡ್ಡದು ಮಾಡ್ಲಿಕ್ಕೆ ಬಟ್ಟೆ ಉಳಿಸುದು ಬದಿಯ ಹೊಲಿಗೆಯಲ್ಲಿ ಮಾತ್ರ. ಹೆಗಲು, ಕಂಕುಳಿನ ಸುತ್ತು, ಬೆನ್ನಿನ ಉದ್ದ, ಕುತ್ತಿಗೆ, ಇವು ಕತ್ತರಿ ಹಾಕಿದ ಮೇಲೆ ಮುಗೀತು, ದೇವ್ರು ಬಂದ್ರೂ ಬಟ್ಟೆ ಬೆಳೆಯುದಿಲ್ಲ. ಮೂರನೇದು ಮುಖ್ಯ. ಈ ಹದಿಮೂರು ವರ್ಷದಲ್ಲಿ ನಾನು ದಪ್ಪ ಆದದ್ದಲ್ಲ, ನನ್ನ ಆಕಾರ ಬದಲಾದದ್ದು. 46ರಲ್ಲಿ ನಂದು 63 ಕಿಲೋ, 59ರಲ್ಲಿ 65. ಎರಡೇ ಕಿಲೋ! ಆದ್ರೆ ಮುಟ್ಟು ನಿಂತ ಮೇಲೆ ಸೊಂಟದ ಬದಿಯ ಕೊಬ್ಬು ಹೊಟ್ಟೆಗೆ ಬರ್ತದೆ, ಬೆನ್ನುಮೂಳೆಯ ಮಣಿಗಳು ಸ್ವಲ್ಪ ಸ್ವಲ್ಪ ಕುಸಿದು ಎತ್ತರ ಕಡಿಮೆ ಆಗ್ತದೆ, ಬೆನ್ನಿನ ಮೇಲ್ಭಾಗ ಬಾಗ್ತದೆ, ಹೆಗಲು ಮುಂದೆ ಬರ್ತದೆ, ಎದೆ ಕೆಳಗೆ ಇಳೀತದೆ. ಬೆನ್ನು ಬಾಗಿದ್ರೆ ಹಿಂದಿನ ಉದ್ದ ಜಾಸ್ತಿ ಬೇಕು, ಮುಂದಿನದ್ದು ಕಡಿಮೆ ಸಾಕು. ಹಳೇ ಅಳತೆಯಲ್ಲಿ ಹೊಲಿದ್ರೆ ಹಿಂದೆ ರವಿಕೆ ಮೇಲೆ ಏರ್ತದೆ, ಮುಂದೆ ಕುತ್ತಿಗೆ ಬಾಯಿ ಬಿಡ್ತದೆ. ಎರಡೂ ಬದಿ ಒಂದೊಂದು ಇಂಚು ಬಿಟ್ರೆ ಇದ್ಯಾವುದೂ ಸರಿ ಆಗುದಿಲ್ಲ.

ಅಷ್ಟಾದ್ರೂ ಸುಧಾರಿಸ್ತಿದ್ದೆನೋ ಏನೋ. ರವಿಕೆ ಬಂತು, ಹಾಕಿದೆ, ಕಂಕುಳಲ್ಲಿ ಬಿಗಿ. ವಾಪಸ್ ಹೋಗಿ "ಕಂಕುಳು ಬಿಗಿ ಆಗ್ತದೆ" ಅಂದೆ. ಅವ್ರು ಕಂಕುಳನ್ನು ಇನ್ನೂ ಕೆಳಗೆ ಕೊರೆದು ಕೊಟ್ರು. ಬಿಗಿ ಹೋಯ್ತು, ಕೈ ಕೆಳಗೆ ಬಿಟ್ಟು ಕನ್ನಡಿ ಎದುರು ನಿಂತಾಗ ಚೆಂದ ಕಾಣ್ತಿತ್ತು, ನಾನು ಕೈ ಎತ್ತಿ ನೋಡ್ಲೇ ಇಲ್ಲ. ಕಂಕುಳು ಕೆಳಗಿಳಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆಯೇ ಕೈಯೊಟ್ಟಿಗೆ ಮೇಲೆ ಬರ್ತದೆ, ಎಳೆತ ಎಲ್ಲ ಒಂದೇ ಹೊಲಿಗೆಗೆ ಬೀಳ್ತದೆ. ನಂಗೆ ಬೇಕಾದದ್ದು ಆಳದ ಕಂಕುಳಲ್ಲ, ತೋಳಿನ ಅಗಲ ಮತ್ತು ಬೆನ್ನಿನ ಅಗಲ. ಅದು ನಂಗೂ ಗೊತ್ತಿರ್ಲಿಲ್ಲ, ಬಟ್ಟೆ ತುಂಡೂ ಉಳಿದಿರ್ಲಿಲ್ಲ.

ಧಾರೆ ಹೊತ್ತಿಗೆ ನೀರು ಬಿಡುದು ಅಮ್ಮನೇ ಅಲ್ವಾ. ಇವ್ರ ಕೈ, ಮಗಳ ಕೈ, ಅಳಿಯನ ಕೈ, ಮೇಲೆ ತೆಂಗಿನಕಾಯಿ, ನಾನು ಗಿಂಡಿ ಎತ್ತಿದೆ. ಮೊದ್ಲೇ ನೋವಿನ ಹೆಗಲು, ಹಾಗಾಗಿ ಇಡೀ ಮೈ ಬಾಗಿಸಿ ಎತ್ತಿದೆ, ಟರ್ ಅಂತ ಕಂಕುಳಿಂದ ಬೆನ್ನಿನ ತನಕ ಹರೀತು. ವಾಲಗದ ಶಬ್ದಕ್ಕೆ ಯಾರಿಗೂ ಕೇಳ್ಲಿಲ್ಲ, ನಂಗೆ ಕೇಳಿತು. ನಾದಿನಿ ಹಿಂದೆ ನಿಂತಿದ್ದವಳು ತಕ್ಷಣ ತನ್ನ ಶಾಲು ಹೊದೆಸಿದ್ಳು. ಮೇ ತಿಂಗಳ ಸೆಕೆಯಲ್ಲಿ, ಎಸಿ ಇಲ್ಲದ ಹಾಲಲ್ಲಿ, ಸಂಜೆ ತನಕ ನಾನು ಶಾಲು ತೆಗೀಲಿಲ್ಲ. ಆಲ್ಬಮಲ್ಲಿ ನಾನು ಎಲ್ಲ ಫೋಟೋದಲ್ಲಿ ಬೂದಿ ಬಣ್ಣದ ಶಾಲು ಹೊದ್ದವಳು. ಮಗಳು ಹುಟ್ಟಿದಾಗಿಂದ ಎಣಿಸಿದ್ದ ದಿನ ಅದು, ಆ ದಿನ ಇಡೀ ನನ್ನ ತಲೆಯಲ್ಲಿ ಇದ್ದದ್ದು ಶಾಲು ಜಾರಿತಾ ಅಂತ. ಅದು ನಂಗೆ ಈಗಲೂ ಹೊಟ್ಟೆ ಉರಿಸ್ತದೆ.

ಇನ್ನು ನಿಮ್ಮ ಎಕ್ಸ್‌ಎಲ್ ಹೆಗಲು ಯಾಕೆ ಜಾರ್ತದೆ ಅಂತ. ಇದು ನಂಗೆ ಹೇಳಿದ್ದು ನಾದಿನಿ ಮಗಳು, ಕಣ್ಣೂರಿನ ನಿಫ್ಟಲ್ಲಿ, ಅಂದ್ರೆ ಸರ್ಕಾರದ ಫ್ಯಾಶನ್ ಕಾಲೇಜಲ್ಲಿ, ಓದಿದವಳು. ಕಂಪೆನಿಯವ್ರು ಮೊದ್ಲು ಒಂದು ಹದವಾದ, ಪ್ರಾಯದ ಹುಡುಗಿಯ ಅಳತೆಗೆ ಡಿಸೈನ್ ಮಾಡ್ತಾರೆ, ಆಮೇಲೆ ಒಂದೊಂದು ಸೈಸಿಗೆ ಎಲ್ಲ ಕಡೆಯೂ ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪ ಸೇರಿಸ್ತಾ ಹೋಗ್ತಾರೆ. ಎದೆ ಎರಡಿಂಚು ಜಾಸ್ತಿ ಮಾಡಿದ್ರೆ ಹೆಗಲೂ ಅಗಲ, ಕುತ್ತಿಗೆಯೂ ಅಗಲ. ಹೊಟ್ಟೆ ಬಂತು ಅಂತ ಹೆಗಲಿನ ಮೂಳೆ ಬೆಳೀತದಾ? ನಮ್ಮ ಹೆಗಲು 38 ಸೈಸಿನದ್ದೇ, ಹೊಟ್ಟೆ ಮಾತ್ರ 42 ಸೈಸಿನದ್ದು. ಇನ್ನೊಂದು ಹೇಳಿದ್ಳು, ನಮ್ಮ ದೇಶದವ್ರದ್ದೇ ಸೈಸ್ ಚಾರ್ಟ್ ಬೇಕು ಅಂತ ನಿಫ್ಟ್‌ನವ್ರು ಆರು ನಗರಗಳಲ್ಲಿ 3ಡಿ ಸ್ಕ್ಯಾನರ್ ಇಟ್ಟು 25 ಸಾವಿರ ಜನರ ಅಳತೆ ತೆಗೆಯುವ ಯೋಜನೆ ಹಾಕಿದ್ರಂತೆ, ಒಳ್ಳೆ ಕೆಲಸ, ಆದ್ರೆ ಅದ್ರಲ್ಲಿ ವಯಸ್ಸು 15ರಿಂದ 65ರ ತನಕ. 65 ದಾಟಿದ ಹೆಂಗಸ್ರು ಬಟ್ಟೆ ಹಾಕುದಿಲ್ವಾ? ಬಾಗಿದ ಬೆನ್ನಿನ ಅಳತೆ ಹೆಚ್ಚು ಬೇಕಾದದ್ದೇ ಆಮೇಲೆ. ನಂಗೆ ಈಗ ಅಷ್ಟೇ ವಯಸ್ಸು, ಹಾಗಾಗಿ ಹೇಳ್ತಿದ್ದೇನೆ, ಆನ್‌ಲೈನಲ್ಲಿ ಇನ್ನೂ ದೊಡ್ಡ ಸೈಸ್ ತರಿಸಿದ್ರೆ ನಿಮ್ಗೆ ಸಿಗುದು ಇನ್ನೂ ಜಾರುವ ಹೆಗಲು ಮಾತ್ರ. ಅದ್ರಲ್ಲೂ ತೆಗೊಳ್ಳಲೇಬೇಕಾದ್ರೆ ಎದುರು ಬಟನ್ ಇರುವ ಕುರ್ತಾ ತೆಗೊಳ್ಳಿ, ಹೊಟ್ಟೆಗೆ ಸರಿ ಆಗುದನ್ನು ಆರಿಸಿ ಹೆಗಲನ್ನು ಬಿಚ್ಚಿ ಚಿಕ್ಕದು ಮಾಡಿಸಿ. ದೊಡ್ಡದನ್ನು ಚಿಕ್ಕದು ಮಾಡ್ಬಹುದು, ಚಿಕ್ಕದನ್ನು ದೊಡ್ಡದು ಮಾಡ್ಲಿಕ್ಕಾಗುದಿಲ್ಲ.

ನನ್ನ ರವಿಕೆ ಸರಿ ಆದದ್ದು ಹೇಗೆ ಅಂದ್ರೆ, ನಮ್ಮ ಪಂಚಾಯತಿನ ಕುಟುಂಬಶ್ರೀ, ಅಂದ್ರೆ ಕೇರಳದ ಮಹಿಳಾ ಸ್ವಸಹಾಯ ಸಂಘದ ಹೆಂಗಸ್ರು ನಾಲ್ಕು ಮಿಷನ್ ಇಟ್ಕೊಂಡು ಹೊಲೀತಾರೆ, ಅಲ್ಲಿಗೆ ಹರಿದ ರವಿಕೆ ತೆಗೊಂಡು ಹೋದೆ. ಅಲ್ಲಿ ಒಬ್ಳು, ನನ್ನ ಮಗಳ ಪ್ರಾಯ, ಮನೆಯಲ್ಲಿ ಮಲಯಾಳ ಮಾತಾಡುವವಳು, ನನ್ನ ಹತ್ರ ಕನ್ನಡದಲ್ಲೇ ಮಾತಾಡಿದ್ಳು, ಟೇಪ್ ಕೈಗೆತ್ತಿಕೊಳ್ಳುವ ಮೊದ್ಲೇ ಕೇಳಿದ್ಳು, "ಅಮ್ಮ, ನಿಮ್ಮ ಕೈ ಎಷ್ಟು ಮೇಲೆ ಹೋಗ್ತದೆ, ಎತ್ತಿ ನೋಡುವ?" ನಂಗೆ ಗಂಟಲು ಕಟ್ಟಿತು. ಇಷ್ಟು ವರ್ಷದಲ್ಲಿ ಯಾವ ಅಂಗಡಿಯಲ್ಲೂ ಯಾರೂ ಅದನ್ನು ಕೇಳಿರ್ಲಿಲ್ಲ. ಬಾಗಿಲು ಹಾಕಿ, ನಿಲ್ಲಿಸಿ ಅಳೆದ್ಳು, ಕೂರಿಸಿ ಅಳೆದ್ಳು, ಕುತ್ತಿಗೆ ಹಿಂದಿನ ಮೂಳೆಯಿಂದ ಸೊಂಟದ ತನಕ ಬೇರೆ, ಹೆಗಲಿಂದ ಎದೆ ತುದಿ ತನಕ ಬೇರೆ, ಎಡದ ಮೇಲ್ತೋಳು ಬಲದ ಮೇಲ್ತೋಳು ಬೇರೆ ಬೇರೆ. "ನೆಟ್ಟಗೆ ನಿಲ್ಬೇಡಿ, ದಿನಾ ನಿಲ್ಲುವ ಹಾಗೆ ನಿಲ್ಲಿ" ಅಂದ್ಳು. ಒಂದೂ ಸಂಖ್ಯೆ ಬಾಯಿ ಬಿಟ್ಟು ಹೇಳ್ಲಿಲ್ಲ, ಸುಮ್ನೆ ಬರ್ಕೊಂಡ್ಳು. ಮೊದ್ಲು ಲೈನಿಂಗ್ ಬಟ್ಟೆಯಲ್ಲೇ ಒಂದು ಕಚ್ಚಾ ರವಿಕೆ ಮಾಡಿ ಹಾಕಿಸಿ, ಕೈ ಎತ್ತಿಸಿ, ತಲೆ ಬಾಚಿದ ಹಾಗೆ ಮಾಡಿಸಿ, ಆಮೇಲೆಯೇ ಕತ್ತರಿ. ನನ್ನ ರೇಷ್ಮೆ ರವಿಕೆಗೆ ಸೀರೆಯ ಒಳಗೆ ಸಿಕ್ಕಿಸುವ ತುದಿಯಿಂದ ಒಂದು ಗೇಣು ಕತ್ತರಿಸಿ, ಎರಡು ಕಂಕುಳಿಗೂ ಚೌಕದ ತುಂಡು ಇಟ್ಟು ಹೊಲಿದ್ಳು, ನನ್ನ ಅಜ್ಜಿಯ ರವಿಕೆಗೆ ಹಾಗೇ ಇತ್ತು, ಆ ಕಾಲದವ್ರಿಗೆ ಭತ್ತ ಕುಟ್ಲಿಕ್ಕೆ ನೀರು ಸೇದ್ಲಿಕ್ಕೆ ಕೈ ಎತ್ಬೇಕಿತ್ತಲ್ಲ. ಹುಕ್ ದೊಡ್ಡದು ಹಾಕಿದ್ಳು, ಬೆರಳು ಗಂಟಿನ ನೋವಿದ್ರೂ ಹಾಕ್ಲಿಕ್ಕೆ ಬರ್ತದೆ. ಆ ಸೀರೆ ಉಟ್ಟು ಮೊಮ್ಮಗನ ನಾಮಕರಣದಲ್ಲಿ ತೊಟ್ಟಿಲು ತೂಗಿದೆ, ಶಾಲಿಲ್ಲದೆ.

ಹಾಗಾಗಿ ನೀವು, ತಂಗಿ ಅಂತ ಕರೆದ್ರೆ ಬೇಜಾರಿಲ್ಲ ಅಲ್ವಾ, ಆರು ಕಿಲೋದ ಯೋಚನೆ ಬಿಡಿ. ಇಳಿದ್ರೂ ಬೆನ್ನು ನೆಟ್ಟಗಾಗುದಿಲ್ಲ, ಹೆಗಲು ಹಿಂದೆ ಹೋಗುದಿಲ್ಲ, ಮದುವೆ ಹೊತ್ತಿಗೆ ಮುಖ ಬಾಡಿರ್ತದೆ ಅಷ್ಟೆ. ಟೇಪ್ ಹಿಡಿಸ್ಲಿಕ್ಕೆ ನಾಚಿಕೆ ಆಗದ ಜಾಗ ಹುಡ್ಕಿ, ಹೆಂಗಸ್ರು ಹೊಲಿಯುವ ಜಾಗ ಎಲ್ಲ ಊರಲ್ಲೂ ಒಂದಾದ್ರೂ ಇರ್ತದೆ, ದೂರ ಆದ್ರೂ ಹೋಗಿ. ಬದಿಯಲ್ಲಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡ್ಲಿಕ್ಕೆ ಹೇಳಿ. ಬಣ್ಣ ನಿಮ್ಗೆ ಇಷ್ಟ ಆದದ್ದು ತೆಗೊಳ್ಳಿ, ಕಂದು ಬೂದಿ ತೋರಿಸಿದ್ರೆ ಬೇಡ ಅಂತ ಬಾಯಿ ಬಿಟ್ಟು ಹೇಳಿ. ಮತ್ತೆ ಒಂದು ವಿಷಯ ನೀವು ಬರೀಲಿಲ್ಲ, ಮದುವೆ ಸೀರೆಯ ಬ್ಲೌಸ್ ಪೀಸ್ ಆಗ್ಲೇ ಯಾರಿಗಾದ್ರೂ ಕೊಟ್ಟಿದ್ದೀರಾ? ಹಳೇ ಅಳತೆ ರವಿಕೆಯೊಟ್ಟಿಗೆ ಕೊಟ್ಟಿದ್ರೆ ಇವತ್ತೇ ಫೋನ್ ಮಾಡಿ ಕತ್ತರಿಸ್ಬೇಡಿ ಅಂತ ಹೇಳಿ, ನಾಳೆ ಹೋಗಿ ವಾಪಸ್ ತೆಗೊಂಡು ಬನ್ನಿ.